ಬ್ರೇಕಿಲ್ಲದ ಗಾಲಿ

ದೇವದುರ್ಗದ ಹಾಸ್ಟೆಲೊಂದರಲ್ಲಿ ನಾನು ಅಡುಗೆಯವಳು. ಅಡುಗೆಮನೆಯಿಂದ ಊಟದ ಕೋಣೆಗೆ ಇಳಿಜಾರಿದೆ. ಬಿಸಿ ಸಾರಿನ ಟ್ರಾಲಿಯನ್ನು ಅದರ ಮೇಲ್ತುದಿಯಲ್ಲಿ ನಿಲ್ಲಿಸಿ ನಾನು ಗಾಲಿಯ ಬ್ರೇಕ್ ಒತ್ತಿದರೂ, ಹಿರಿಯ ಅಡುಗೆಯವಳಾದ ಯಮನಮ್ಮ ಬರಿಗಾಲಿನಿಂದ ಮತ್ತೊಮ್ಮೆ ಟಕ್ಕೆಂದು ಒತ್ತುತ್ತಿದ್ದಳು.

"ಒತ್ತೀನಲ್ಲಬೇ ಯವ್ವಾ!" ಎನ್ನುತ್ತಿದ್ದೆ.

"ನೀ ಒತ್ತಿದ್ದು ನಿನಗ, ನಾ ಒತ್ತಿದ್ದು ಮಕ್ಕಳಿಗಿ," ಎಂದು ನಗುತ್ತಿದ್ದಳು.

ದೀಪಾವಳಿಗೆ ಮುಂಚೆ ಅವಳು ಜ್ವರ ಬಂದು ತೀರಿಕೊಂಡಳು.

ಹೋದ ತಿಂಗಳು ಗಾಲಿಗಳು ಸವೆದವು. ರಾಯಚೂರಿನ ಅಂಗಡಿಯವರು, "ಬಿಸೀದು ಒಯ್ಯೋ ಗಾಡಿಗಿ ಬ್ರೇಕ್ ಇರೋವೇ ಬೇಕ್ರಿ ಅಕ್ಕಾರ. ನಾಡಿದ್ದು ಬರ್ತಾವ," ಎಂದರು. ಬಸ್ಸಿನ ಅವಸರದಲ್ಲಿ ಬ್ರೇಕಿಲ್ಲದವನ್ನೇ ತಂದು ಹಾಕಿಸಿದೆ.

ಮರುದಿನ ಮಧ್ಯಾಹ್ನ ಟ್ರಾಲಿ ನನ್ನ ಕೈ ಜಾರಿ ಇಳಿಜಾರಿನಲ್ಲಿ ಓಡಿತು. ಕೆಳಗೆ ಪಂಕ್ತಿಯ ತುದಿಗೆ, ಅದೇ ಹಾಸ್ಟೆಲಿನಲ್ಲಿದ್ದು ಓದುವ ನನ್ನ ಮಗಳೇ ಕೂತಿದ್ದಳು. ನಾನು ಹಿಂದೆಯೇ ಓಡಿದೆ. ನಡುದಾರಿಯಲ್ಲಿ ಟಕ್ ಎಂದಿತು. ಟ್ರಾಲಿ ನಿಂತಿತು, ಸಾರು ತುಳುಕಲೂ ಇಲ್ಲ. ಮುಟ್ಟಿದರೆ ಒಂದು ಗಾಲಿ ಮಾತ್ರ ಮಂಜಿನಂತೆ ತಣ್ಣಗಿತ್ತು. ಇಬ್ಬರು ಎಳೆದರೂ ಕದಲಲಿಲ್ಲ. ನಾನು ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು, "ಸಾಕು, ಬಿಡಬೇ ಯವ್ವಾ," ಎಂದೆ. ಮೆಲ್ಲಗೆ ಉರುಳಿತು.

ಈಗ ಬ್ರೇಕಿರುವ ಗಾಲಿಗಳನ್ನೇ ಹಾಕಿಸಿದ್ದೇನೆ. ದಿನಾ ನಾನು ಒತ್ತಿದಾಗ ಟಕ್ ಎನ್ನುತ್ತದೆ. ಕಾಲು ತೆಗೆದ ಮೇಲೆ ಇನ್ನೊಮ್ಮೆ ಎನ್ನುತ್ತದೆ.