ಗೌರವ್ವನ ಪೂಲು

೧೯೨೬ರ ನವೆಂಬರ್ ತಿಂಗಳು, ಸೋಮವಾರ ಬೆಳಿಗ್ಗೆ. ಖಾನಾಪುರ ಠಾಣೆಗೆ ಬಂದ ಬಾಳಪ್ಪನ ಫಿರ್ಯಾದಿ ಒಂದೇ ಮಾತಿನದು.

“ಪೂಲ ಕದ್ದಾರ್ರೀ.”

ಹವಾಲ್ದಾರ ಪಂಢರಿನಾಥ ನಕ್ಕುಬಿಟ್ಟ. “ಮಲಪ್ರಭಾ ಹೊಳಿ ಪೂಲ ಈಗರ ದಾಟಿ ಬಂದೇನಿ ತಮ್ಮಾ. ಅಲ್ಲೇ ಐತಿ.”

“ಹೊಳಿದಲ್ರೀ. ನನ್ನ ಹೇಣ್ತಿ ಬಾಯಾಗಿಂದು.”

ಹವಾಲ್ದಾರನ ನಗು ಅಲ್ಲಿಗೇ ನಿಂತಿತು. ಬಾಳಪ್ಪನ ಹೆಂಡತಿ ಗೌರವ್ವ ಜ್ವರದಿಂದ ತೀರಿಕೊಂಡು ಹದಿನೈದು ದಿನವಾಗಿತ್ತು. ಚಿಕ್ಕಂದಿನಲ್ಲಿ ಬಾವಿಕಟ್ಟೆಗೆ ಬಡಿದು ಅವಳ ಮುಂದಿನ ಎರಡು ಹಲ್ಲು ಹೋಗಿದ್ದವು. ಸಾಯುವ ಮುಂಚಿನ ತಿಂಗಳಷ್ಟೇ ಬೆಳಗಾವಿಯ ಹಲ್ಲಿನ ಡಾಕ್ಟರು ಅಕ್ಕಪಕ್ಕದ ಹಲ್ಲುಗಳಿಗೆ ಬಂಗಾರದ ಟೊಪ್ಪಿಗೆ ತೊಡಿಸಿ, ನಡುವೆ ಎರಡು ಪಿಂಗಾಣಿ ಹಲ್ಲು ಕೂಡಿಸಿದ್ದರು. ಹೊಳೆಯ ಸೇತುವೆಯಂತೆ ಎರಡು ಬದಿಗೆ ಆತು ನಿಂತ ಅದಕ್ಕೂ ಡಾಕ್ಟರು ಪೂಲು ಎನ್ನುತ್ತಿದ್ದರು.

“ಆಕೀನ್ನ ಹೂಳಿದ ಕುಣಿ ಮಣ್ಣು ಕೆದರಿತ್ತು. ಹಿರ್ಯಾರನ್ನ ಕರದು ತಗದು ನೋಡಿದ್ವಿ. ಬಾಯಿ ಬರಿದ ಇತ್ತು,” ಎಂದ ಬಾಳಪ್ಪ. “ರಾತ್ರಿ ಕನಸಿನ್ಯಾಗ ಬಂದಿದ್ಲರಿ, ಬಾಯಿಗೆ ಕೈ ಅಡ್ಡ ಹಿಡ್ಕೊಂಡು. ಹುಡುಕಿ ಕೊಡ್ರಿ ಸಾಹೇಬ್ರ. ಮತ್ತ ಅಲ್ಲೇ ಇಡಬೇಕು.”

ಫೌಜದಾರ ಕೃಷ್ಣಾಜಿ ಎಫ್‌ಐಆರ್ ಬರೆಸಿಕೊಂಡ. ಮಧ್ಯಾಹ್ನ ರುದ್ರಭೂಮಿಯಲ್ಲಿ ಪಂಚನಾಮೆ ನಡೆಯಿತು. ಶವದ ಕಿವಿಯ ಬೆಂಡೋಲೆ ಇದ್ದಲ್ಲೇ ಇತ್ತು. ಮುಖದ ಮಣ್ಣನ್ನು ಯಾರೋ ಒರೆಸಿದ್ದರು. ಹಣೆಯ ವಿಭೂತಿ ಹೊಸದು.

“ನೀವು ಹಚ್ಚಿದ್ರೇನು?” ಕೃಷ್ಣಾಜಿ ಕೇಳಿದ.

“ಇಲ್ರೀ,” ಎಂದರು ಮೊದಲು ಕುಣಿ ತೆಗೆದು ನೋಡಿದ್ದ ಹಿರಿಯರು.

“ಕಳ್ಳ ವಿಭೂತಿ ಹಚ್ಚತಾನೇನ್ರೀ ಸಾಹೇಬ್ರ?” ಪಂಢರಿನಾಥ ಎರಡು ಹೆಜ್ಜೆ ಹಿಂದೆ ಸರಿದ. ಕೃಷ್ಣಾಜಿಯೂ ಒಂದು ಹೆಜ್ಜೆ ಸರಿದ, ಸುಳ್ಳೇಕೆ? ಆದರೂ ಒಂದು ಮಾತು ಖಚಿತವಾಯಿತು. ಇದು ಬಂಗಾರದ ಆಸೆಗೆ ಆದ ಕೆಲಸವಲ್ಲ. ಅಕ್ಕಸಾಲಿಗರನ್ನು ಹಿಡಿದು ಕೇಳಿ ಉಪಯೋಗವಿಲ್ಲ.

ಮಂಗಳವಾರ ಬಾಳಪ್ಪನನ್ನೂ ಕರೆದುಕೊಂಡು ಇಬ್ಬರೂ ರೈಲು ಹತ್ತಿ, ಪೂಲು ಕೂಡಿಸಿದ ಡಾಕ್ಟರನ್ನೇ ಕೇಳಲು ಬೆಳಗಾವಿಗೆ ಹೋದರು. ಡಾಕ್ಟರ್ ಅವಧೂತ ಪೊಲೀಸರನ್ನು ಕಂಡದ್ದೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು.

“ಶನಿವಾರ ಒಬ್ಬಾಕಿ ಬಂದಿದ್ಲರಿ. ನಾನ ಮಾಡಿದ ಪೂಲ ನನ್ನ ಮುಂದ ಇಟ್ಲು.”

“ಮಾರಾಕ?”

“ಅಲ್ಲ. ತನ್ನ ಗಟ್ಟಿಮುಟ್ಟ ಹಲ್ಲು ಕಿತ್ತು, ಅದನ್ನ ಕೂಡಸ್ರಿ ಅಂದ್ಲು.”

“ನೀವೇನಂದ್ರಿ?”

“ಒಬ್ಬರದು ಇನ್ನೊಬ್ಬರ ಬಾಯಿಗೆ ಕೂಡಂಗಿಲ್ಲವ್ವಾ ಅಂದೆ. ಕೇಳವಲ್ಲಳು. ಇವತ್ತ ಮತ್ತ ಬರ್ತೀನಿ ಅಂದಾಳ.”

ಒಳಕೋಣೆಯಲ್ಲಿ ಕಾದರು. ಹೊತ್ತು ಏರಿದ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ಸೆರಗು ಹೊದ್ದ ಮುದುಕಿಯೊಬ್ಬಳು ಒಳಗೆ ಬಂದಳು.

“ಅತ್ತೀ!” ಬಾಳಪ್ಪ ಚೀರಿದ.

ಗುಂಜಿ ಊರಿನ ಸಾವಂತ್ರವ್ವ, ಗೌರವ್ವನ ತಾಯಿ. ಸೆರಗಿನ ಗಂಟು ಬಿಚ್ಚಿ ಪೂಲನ್ನು ತಾನೇ ಮೇಜಿನ ಮೇಲಿಟ್ಟಳು. ಕೃಷ್ಣಾಜಿ ದಸ್ತಗಿರಿ ಮಾಡಿದ.

“ಯಾಕ ತಗದಿ ಅವ್ವಾ?”

“ಹಲ್ಲ ಹೋದಾಗಿಂದ ಬಾಯಿ ಮುಚ್ಚಿ ನಗಬೇ, ಮುಚ್ಚಿ ನಗು ಅಂತ ಬೈದ ಬೆಳಸಿದೆರಿ. ಪೂಲ ಹಾಕ್ಸೀನಿ, ಪಂಚಮಿ ತಪ್ಪಿದ್ರೂ ದೀಪಾವಳಿಗೆ ಬಂದು ಬಾಯಿ ತುಂಬ ನಕ್ಕು ತೋರಸ್ತೀನಿ ಅಂತ ಹೇಳಿ ಕಳಿಸಿದ್ಲು.” ಮುದುಕಿ ಮೇಜಿನ ಮೇಲಿನ ಪೂಲಿನ ಕಡೆ ನೋಡಿದಳು. “ಬಂದದ್ದು ಸಾವಿನ ಸುದ್ದಿ. ನನ್ನ ಮಗಳ ನಗಿ ನಾ ನೋಡೇ ಇಲ್ರೀ. ನನ್ನ ಬಾಯಾಗರ, ಕನ್ನಡಿಯೊಳಗರ, ಒಮ್ಮಿ ನೋಡೂಣಂತ…”

ಅಳುವಾಗ ಅವಳ ಕೈ ತಾನಾಗಿ ಬಾಯಿಗೆ ಅಡ್ಡ ಹೋಯಿತು. ಬಾಳಪ್ಪನ ಕನಸಿನಲ್ಲಿ ಗೌರವ್ವ ಕೈ ಅಡ್ಡ ಹಿಡಿದಿದ್ದೂ ಹೀಗೆಯೇ.

ಸಂಜೆಯ ರೈಲಿನಲ್ಲಿ ಆರೋಪಿಯ ಒಂದು ಬದಿಗೆ ಪಂಢರಿನಾಥ, ಇನ್ನೊಂದು ಬದಿಗೆ ಫಿರ್ಯಾದಿದಾರ. ಬೇಡಿ ಹಾಕಿರಲಿಲ್ಲ. ಸಾವಂತ್ರವ್ವ ತಲೆಯೆತ್ತದೆ ಕೇಳಿದಳು:

“ನೀವು ನೋಡೀರಲ್ರೀ ಅಳಿಯಾ. ಹೆಂಗ ನಗತಿದ್ಲು?”

ಖಾನಾಪುರ ಬರುವವರೆಗೂ ಬಾಳಪ್ಪ ಅದನ್ನೇ ಹೇಳುತ್ತಿದ್ದ.