ವೀಬ್ಕೆಯ ಕಡೆಯ ವಾಲ್ವು

ಎಲ್ಬೆ ನದಿಯ ಏರಿಯ ಕೆಳಗಿನ ಆ ಎರಡು ಹೆಕ್ಟೇರ್ ಸೇಬಿನ ತೋಟದಲ್ಲಿ ಹನ್ನೊಂದು ವರ್ಷ ಕೊಂಬೆ ಸವರಿದವನು ಬೇರೆಂಟ್. ತೋಟ ಪಕ್ಕದ ಮನೆಯ ಮುದುಕ ಹೈನೋನದು. ಮುದುಕ ಕಣ್ಣು ಮುಚ್ಚಿದ ಮೇಲೆ ಅದು ಬೇರೆಂಟ್‌ಗೇ ಗುತ್ತಿಗೆಗೆ ಬರುತ್ತದೆ ಎಂದು ಊರೇ ನಂಬಿತ್ತು. ಆದರೆ ಹ್ಯಾಂಬರ್ಗಿನ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ ಮುದುಕನ ಮಗಳು ವೀಬ್ಕೆ ಹೊಸ ರಬ್ಬರ್ ಬೂಟು ಹಾಕಿಕೊಂಡು ಬಂದು ನಿಂತಳು.

"ಇಷ್ಟು ವರ್ಷ ನೋಡ್ಕೊಂಡೆ ಬೇರೆಂಟ್, ದೊಡ್ಡ ಉಪಕಾರ ಆಯ್ತು. ಇನ್ನು ನಾನೇ ಮಾಡ್ತೀನಿ. ಒಂದು ಬೆಳೆ ನೋಡೋಣ. ನನ್ನ ಕೈಲಾಗಲಿಲ್ಲ ಅಂದ್ರೆ ಎಲ್ಲಾ ನಿನಗೇ ಬಿಟ್ಟು ವಾಪಸ್ ಹೋಗ್ತೀನಿ, ಸರಿನಾ?"

"ಸರಿ ಬಿಡು," ಎಂದಿದ್ದ ಬೇರೆಂಟ್. ಸರಿಯೆಂದು ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ.

ಏಪ್ರಿಲ್ ಕೊನೆಯ ಗುರುವಾರ ಸಂಜೆ ರೇಡಿಯೋದಲ್ಲಿ ಹವಾಮಾನ ಹೇಳಿದರು. ಮೂರು ವಾರದಿಂದ ಹನಿ ಮಳೆಯಿಲ್ಲ, ಮುಂದೆಯೂ ಇಲ್ಲ. ಪೂರ್ವದ ಗಾಳಿ, ತೀರಾ ಒಣ. ಬೆಳಗಿನ ಜಾವ ನೆಲದ ಹತ್ತಿರ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ತೋಟಗಳಲ್ಲಿ ಹೂವು ಪೂರ್ತಿ ಅರಳಿದ್ದ ಹೊತ್ತು. ಊರವರೆಲ್ಲ ಹಣೆ ಗಂಟಿಕ್ಕಿದರೆ ಬೇರೆಂಟ್ ಮಾತ್ರ ಇನ್ನೊಂದು ತುಂಡು ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡ.

ಉಪಾಯ ಅಷ್ಟು ಸರಳವಾಗಿತ್ತು. ಇಂಥ ಚಳಿಗೆ ಅಲ್ಲಿನವರು ಹೂವಿನ ಮೇಲೆ ಸ್ಪ್ರಿಂಕ್ಲರಿನಿಂದ ನೀರು ಹಾರಿಸುತ್ತಾರೆ. ನೀರು ಮಂಜುಗಡ್ಡೆಯಾಗುತ್ತಿರುವಷ್ಟು ಹೊತ್ತು ಒಳಗಿನ ಹೂವು ಬೆಚ್ಚಗಿರುತ್ತದೆ. ನಡುವೆ ನೀರು ನಿಂತಿತೋ, ಒಣಗಾಳಿ ಒದ್ದೆ ಹೂವಿನ ಕಾವನ್ನೆಲ್ಲ ಹೀರಿ, ನೀರೇ ಬೀಳದ ಹೂವಿಗಿಂತ ಮೊದಲು ಅದನ್ನು ಕೊಲ್ಲುತ್ತದೆ. ಅವಳ ತೋಟಕ್ಕೂ ಓಣಿಯಂಚಿನ ಬೇರೆಂಟ್‌ನ ಸ್ವಂತ ತೋಟಕ್ಕೂ ಒಂದೇ ಪಂಪು. ಓಣಿಯ ಪಕ್ಕದ ಗುಡಿಸಲಿನಲ್ಲಿ ಎರಡು ಪೈಪು, ಎರಡು ವಾಲ್ವು. ವೀಬ್ಕೆಯದನ್ನು ಒಂದೂಕಾಲು ಗಂಟೆ ಮುಚ್ಚಿ, ಮತ್ತೆ ತೆರೆದರೆ ಸಾಕು. ಬೆಳಗಾಗುವಾಗ ಅವಳ ಗಿಡಗಳೂ ಎಲ್ಲರ ಗಿಡಗಳಂತೆ ಗಾಜು ತೊಟ್ಟು ಹೊಳೆಯುತ್ತವೆ. ಹತ್ತು ಗಂಟೆಗೆ ಬಿಸಿಲೇ ಸಾಕ್ಷಿಯನ್ನೆಲ್ಲ ಕರಗಿಸುತ್ತದೆ. ತಪ್ಪು ಚಳಿಯದು, ಇಲ್ಲವೇ ಪೇಟೆಯ ಹುಡುಗಿಯ ಅನನುಭವದ್ದು.

ಜನರ ಕಾಟವೂ ಇರಲಿಲ್ಲ. ನೀರು ಬಿಟ್ಟು, ತೂತು ಕಟ್ಟಿದ ಸ್ಪ್ರಿಂಕ್ಲರುಗಳನ್ನು ಬಿಡಿಸಿದ ಮೇಲೆ ಓಣಿಯವರೆಲ್ಲ ಟೇಡೆಯ ಅಡುಗೆಮನೆಯಲ್ಲಿ ಕಾಫಿಗೆ ಸೇರುವುದು ವಾಡಿಕೆ. ಕಾಲುವೆ ನೀರಿನ ಮೇಲ್ವಿಚಾರಣೆ ನೋಡುವ ಟೇಡೆಗೆ ಎಪ್ಪತ್ತಾರು. ಪಂಪಿನ ಸದ್ದು ಕಿಟಕಿಗೆ ಕೇಳುತ್ತಿರುವವರೆಗೆ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಪಂಪು ನಿಲ್ಲುವುದೇ ಇಲ್ಲವಲ್ಲ! ಬೇರೆಂಟ್‌ನ ಕಡೆಗೆ ಅದು ನೀರು ತಳ್ಳುತ್ತಲೇ ಇರುತ್ತದೆ.

ಬೆಳಗಿನ ಜಾವ ನಾಲ್ಕು ಗಂಟೆಗೆ ಅವನು ಟೇಡೆಗೆ ಫೋನು ಮಾಡಿದ.

"ಹಲ್ಲು ನೋವು ಕಣಯ್ಯಾ, ಪ್ರಾಣ ಹೋಗ್ತಿದೆ. ನಾನು ಬರಲ್ಲ, ಮನೇಲೇ ಬಿದ್ಕೊಂಡಿರ್ತೀನಿ."

"ಲವಂಗ ಕಚ್ಕೋ. ನಿನ್ನ ಪಾಲಿನ ಕೇಕು ನಾನು ತಿಂತೀನಿ. ನನಗೆ ನೋಯೋಕೆ ಹಲ್ಲೇ ಇಲ್ಲ!" ಹಿಂದಿನಿಂದ ವೀಬ್ಕೆಯ ನಗು ಕೇಳಿಸಿತು. ಅವಳು ಅಲ್ಲೇ ಕೂತಿದ್ದಾಳೆ. ಒಳ್ಳೆಯದೇ ಆಯಿತು.

ಅವನು ದೀಪ ಹಾಕದೆ ವ್ಯಾನು ತಂದು ಗುಡಿಸಲಿನ ಮುಂದೆ ನಿಲ್ಲಿಸಿ, ಒಳಗೆ ಹೋಗಿ, ವೀಬ್ಕೆಯ ಕಡೆಯ ವಾಲ್ವನ್ನು ಕೊನೆಯವರೆಗೂ ತಿರುಗಿಸಿದ. ಬಾಗಿಲು ಎಳೆದುಕೊಂಡು ಪಂಪಿನ ಪಕ್ಕ ಬೆಚ್ಚಗೆ ಕೂತ. ಆ ಗುಡುಗುಡು ಸದ್ದಿನಲ್ಲಿ ಹೊರಗಿನದೇನೂ ಕೇಳಿಸದು. ಎದ್ದು ಬಂದು ಓಣಿ ನೋಡಬೇಕೆಂದು ಎರಡು ಸಲ ಅನ್ನಿಸಿತು. ಎರಡು ಸಲವೂ ತಡೆದುಕೊಂಡ, ಗಾಬರಿಯಾಗುವವರೇ ಸಿಕ್ಕಿಬೀಳುವುದು ಎಂದುಕೊಂಡು. ಐದೂಕಾಲಿಗೆ ವಾಲ್ವು ತೆರೆದ. ಹೊರಗೆ ಕತ್ತಲೆಯಲ್ಲಿ ವ್ಯಾನಿನ ಗಾಜಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಚಳಿಗಾಲವಿಡೀ ಮಾಡಿದ ಕೆಲಸ, ಯೋಚಿಸದೆ ಕೆರೆದು ಹಾಕಿ ಮನೆಗೆ ಹೋದ.

ಏಳು ಗಂಟೆಗೆ ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ನಡೆದೇ ಬಂದ. ಟೇಡೆ ಮತ್ತು ವೀಬ್ಕೆ ಗುಡಿಸಲಿನ ಹತ್ತಿರ ನಿಂತಿದ್ದರು. ಅವಳ ಕೈಯಲ್ಲಿ ಸೀಳಿದ ಒಂದು ಹೂವು, ನಡುವೆ ಕಪ್ಪು. ಅವಳು ಅಳುತ್ತಿದ್ದಳು.

"ಅಯ್ಯೋ, ಹೋಯ್ತಾ?" ಎಂದ ಬೇರೆಂಟ್. "ಮೊದಲನೇ ವರ್ಷ ಯಾರಿಗಾದರೂ ಹೀಗಾಗುತ್ತೆ ಬಿಡು."

"ಹಲ್ಲು ಹೇಗಿದೆ?" ಎಂದು ಕೇಳಿದ ಟೇಡೆ ಗಿಡಗಳತ್ತ ನೋಡುತ್ತಿರಲಿಲ್ಲ.

ಅವನು ನೋಡುತ್ತಿದ್ದುದು ನೆಲವನ್ನು. ಅಷ್ಟು ಒಣ ಗಾಳಿಯಲ್ಲಿ ಇಬ್ಬನಿಯೂ ಕಟ್ಟಿರಲಿಲ್ಲ, ಊರಿನ ರಸ್ತೆಗಳೆಲ್ಲ ಒಣಗಿಯೇ ಇದ್ದವು. ಇಲ್ಲಿ ಮಾತ್ರ ಓಣಿಯ ಮೇಲೆ ಬೆರಳು ದಪ್ಪದ ಮಂಜುಗಡ್ಡೆ. ಒಂದು ಬಾಯಿ ಮುಚ್ಚಿದ ಪಂಪು ತನ್ನ ಬಲವನ್ನೆಲ್ಲ ಇನ್ನೊಂದು ಬಾಯಿಗೆ ಕೊಟ್ಟಿತ್ತು. ಯಾವತ್ತೂ ಬೇಲಿ ದಾಟದ ಬೇರೆಂಟ್‌ನ ಸ್ಪ್ರಿಂಕ್ಲರುಗಳು ಒಂದೂಕಾಲು ಗಂಟೆ ಓಣಿಗೂ ನೀರೆರಚಿದ್ದವು. ಆ ಗಾಜಿನ ನಡುವೆ, ಗುಡಿಸಲಿನ ಬಾಗಿಲಿನೆದುರಿಗೇ, ಡಾಂಬರು ಎರಡು ಕಡೆ ನೀರೇ ತಾಗದೆ ಕಪ್ಪಗಿತ್ತು. ಮುಂದಿನದು ಒಂದು ವ್ಯಾನಿನಷ್ಟು ಉದ್ದ. ಹಿಂದಿನದು ಏಣಿಗಳನ್ನು ಹೇರುವ ಒಂದು ಸಣ್ಣ ಗಾಡಿಯಷ್ಟು. ಅಂಥ ಗಾಡಿಯನ್ನು ವರ್ಷವಿಡೀ ವ್ಯಾನಿನಿಂದ ಬಿಚ್ಚದೆ ಎಳೆದುಕೊಂಡು ತಿರುಗುವ ಸೋಮಾರಿ ಆ ಊರಿನಲ್ಲಿ ಒಬ್ಬನೇ ಇದ್ದ.