ಕುರಿ ಬಂದವು, ಧರ್ಮಪ್ಪ ಬರಲಿಲ್ಲ

ಅಕ್ಟೋಬರ್ ಎಂಟು, ಮಂಗಳವಾರ ಬೆಳಿಗ್ಗೆ ಏಳೂವರೆ ಗಂಟೆಗೆ ಶಿಕಾರಿಪುರದ ಠಾಣೆಗೆ ಬಂದ ಹೆಂಗಸು, ಕೂರು ಎಂದರೂ ಕೂರಲಿಲ್ಲ. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಹೆಸರು ಹನುಮಮ್ಮ, ಊರು ತಾಳಗುಂದ. ಗಂಡ ಧರ್ಮಪ್ಪ, ಕುರಿ ಕಾಯುವವನು.

"ನಿನ್ನೆ ಸಂಜೀಗೆ ಕುರಿ ಬಂದ್ವು. ನಮ್ಮನೆಯವ್ರು ಬರ್ಲಿಲ್ಲ" ಎಂದಳು.

ಹೆಡ್ ಕಾನ್‌ಸ್ಟೆಬಲ್ ಹುಚ್ಚರಾಯಪ್ಪ ಆಗಿನ್ನೂ ಟೀ ಲೋಟ ಕೆಳಗಿಟ್ಟಿದ್ದರು. "ಎಲ್ಲಾರ ನೆಂಟರ ಮನೆಗೆ ಹೋಗಿರಬಹುದು ಕಣಮ್ಮ."

"ಕುರಿ ಬಿಟ್ಟು? ನೀವು ಈ ಠಾಣೆ ಬಾಗ್ಲು ಹಿಂಗೇ ತೆರೆದಿಟ್ಟು ನೆಂಟರ ಮನೆಗೆ ಹೋಗ್ತೀರೇನ್ರೀ?"

ಹುಚ್ಚರಾಯಪ್ಪ ಪೆನ್ನು ತೆಗೆದುಕೊಂಡರು.

"ಜಗಳ ಏನಾರ ಆಗಿತ್ತಾ?"

"ಮದುವೆ ಆದಾಗಿಂದ ಆಗ್ತಾ ಐತಿ. ಅದಕ್ಕೆಲ್ಲ ಮನೆ ಬಿಡೋ ಮನುಷ್ಯ ಅಲ್ಲ."

"ಕುಡೀತಾನಾ?"

"ಟೀ."

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಯಶೋಧರಾ ಹೊರಗೆ ಬಂದರು. ಅವರನ್ನು ನೋಡಿ ಹನುಮಮ್ಮ ಗಂಟು ಬಿಚ್ಚಿದಳು. ಒಳಗೆ ಒಂದು ಹಿಡಿ ಉಣ್ಣೆ ಇತ್ತು. ರಕ್ತ ಒಣಗಿ ಗಟ್ಟಿಯಾಗಿತ್ತು.

"ಎಲ್ಲಕ್ಕಿಂತ ಹಿಂದೆ ಬಂದ ಕುರಿ ಮೈಮ್ಯಾಲೆ ಇತ್ರೀ. ಕುರಿಗೆ ಗಾಯ ಐತೇನೋ ಅಂತ ದೀಪ ಹಚ್ಚಿ ಪೂರ್ತಿ ಹುಡುಕಿದೆ. ಎಲ್ಲೂ ಇಲ್ಲ." ಅವಳ ದನಿ ಅಲ್ಲಿಗೆ ಸಣ್ಣದಾಯಿತು. "ಇದು ಕುರಿ ರಕ್ತ ಅಲ್ಲ."

ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಯಶೋಧರಾ, ಹುಚ್ಚರಾಯಪ್ಪ ಮತ್ತು ಕಾನ್‌ಸ್ಟೆಬಲ್ ರಾಜು ಜೀಪಿನಲ್ಲಿ ತಾಳಗುಂದಕ್ಕೆ ಹೊರಟರು.

ಕುರಿ ಹಿಂದಿರುಗುವ ದಾರಿ ಮೆಕ್ಕೆಜೋಳದ ಹೊಲಗಳ ನಡುವೆ ಹೋಗುತ್ತದೆ. ಎರಡೂ ಕಡೆ ಆಳುದ್ದಕ್ಕಿಂತ ಎತ್ತರ ಬೆಳೆದ ಜೋಳ. ಗರಿ ಒಣಗುತ್ತಾ ಬಂದಿದ್ದರಿಂದ ಗಾಳಿ ಬೀಸಿದಾಗಲೆಲ್ಲ ಒಳಗೆ ಯಾರೋ ನಡೆದಾಡಿದ ಹಾಗೆ ಸದ್ದಾಗುತ್ತಿತ್ತು. ರಾಜು ಎರಡು ಸಲ ತಿರುಗಿ ನೋಡಿದ. ಮಾರುದ್ದದ ಆಚೆ ಏನಿದೆಯೆಂದು ತಿಳಿಯುವಂತಿರಲಿಲ್ಲ.

ಹಾದಿಯ ತಿರುವಿನಲ್ಲಿ ಒಂದು ಚಪ್ಪಲಿ, ಮುರಿದ ಕೋಲು ಸಿಕ್ಕಿದವು. ಹಸಿ ಮಣ್ಣಿನ ಮೇಲೆ ರಕ್ತ ಇತ್ತು, ಎಳೆದುಕೊಂಡು ಹೋದ ಗುರುತೂ ಇತ್ತು. ಆ ಗುರುತು ನಾಲ್ಕು ಹೆಜ್ಜೆ ಹೋಗಿ ಥಟ್ಟನೆ ನಿಂತುಬಿಟ್ಟಿತ್ತು. ರಕ್ತವೂ ಅಲ್ಲಿಗೇ ನಿಂತಿತ್ತು.

"ಇಲ್ಲಿಂದ ಎತ್ತಿ ಹಾಕ್ಕೊಂಡಿದಾರೆ" ಎಂದರು ಯಶೋಧರಾ.

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಗಾಡಿಯ ಚಕ್ರದ ಗುರುತು ಸ್ಪಷ್ಟವಾಗಿ ಮೂಡಿತ್ತು. ಟೈರು ಸಪೂರ. ಎರಡು ಗಾಲಿಗಳ ನಡುವಿನ ಅಂತರವನ್ನು ರಾಜು ಟೇಪು ಹಿಡಿದು ಅಳೆದ, ನಾಲ್ಕು ಅಡಿ.

ಆ ಹೊಲದಲ್ಲಿ ಸೋಮವಾರ ಸಂಜೆ ಹುಲ್ಲು ಕೊಯ್ಯುತ್ತಿದ್ದವಳು ರಾಧಮ್ಮ. ಅವಳನ್ನು ಮನೆಯ ಜಗಲಿಯ ಮೇಲೆ ಕೂರಿಸಿ ಕೇಳಿದರು.

"ಏನು ನೋಡಿದೆ?"

"ನೋಡ್ಲಿಲ್ರೀ. ಜೋಳದಾಗೆ ಏನು ಕಾಣ್ತೈತಿ? ಕೇಳ್ತು. ಕಾರು. ಹೊಸಾ ಕಾರು. ಬೆಕ್ಕು ಬಂದಂಗೆ ಬಂತು. ಆಮ್ಯಾಲೆ ಒಮ್ಮೆಗೇ ಗುರ್ರಂದು ಧಡ್ ಅಂತು. ಕುರಿ ಎಲ್ಲ ಚದರಿ ನನ್ನ ಪಕ್ಕದಾಗೇ ಓಡಿದ್ವು."

"ಹೊಸ ಕಾರಂತ ಹೆಂಗೆ ಹೇಳ್ತೀಯ?"

"ನಮಗೆ ಗಾಡಿ ಎಲ್ಲ ಕಿವಿಯಿಂದಾನೇ ಗೊತ್ರೀ. ಹಾಲಿನ ಗಾಡಿ ಯಾವುದು, ಸೊಸೈಟಿ ಟ್ರ್ಯಾಕ್ಟರ್ ಯಾವುದು, ಎಲ್ಲ."

"ಯಾಕೆ ಹೋಗಿ ನೋಡ್ಲಿಲ್ಲ?"

ರಾಧಮ್ಮ ಕೈಯಲ್ಲಿದ್ದ ಕುಡುಗೋಲನ್ನೇ ನೋಡುತ್ತಾ ಕೂತಳು.

"ದಾರಿ ಮ್ಯಾಲೆ ಯಾರೋ ನಿಂತು ಉಸಿರು ಬಿಡ್ತಿದ್ರು. ಜೋರಾಗಿ. ಮಾತಿಲ್ಲ, ಏನಿಲ್ಲ. ನಾನು ಒಬ್ಬಾಕೀನೇ ಇದ್ದೆ. ಇಲ್ಲಿ ಒಬ್ಳು ಅದಾಳೆ ಅಂತ ಅವರಿಗೆ ಗೊತ್ತಾಗೋದು ಬ್ಯಾಡ ಅನ್ನಿಸ್ತು. ಬಾಯಿಗೆ ಸೆರಗು ತುರುಕ್ಕೊಂಡೆ."

ಅಂದು ಮಧ್ಯಾಹ್ನದಿಂದಲೇ ಹೊಸ ಕಾರುಗಳ ತಪಾಸಣೆ ಶುರುವಾಯಿತು. ಪೆಟ್ರೋಲ್ ಬಂಕು, ಶಿರಾಳಕೊಪ್ಪದ ಸರ್ಕಲ್ಲು, ಎಲ್ಲೆಲ್ಲಿ ಕ್ಯಾಮೆರಾ ಇತ್ತೋ ಅಲ್ಲೆಲ್ಲ ಹುಚ್ಚರಾಯಪ್ಪ ಕೂತು ನೋಡಿದರು. ಆ ಹೊತ್ತಿನಲ್ಲಿ ಓಡಾಡಿದ ಟ್ಯಾಕ್ಸಿಗಳನ್ನು ಕರೆಸಿ ಬಂಪರ್ ಪರೀಕ್ಷಿಸಿದರು. ಏನೂ ಸಿಗಲಿಲ್ಲ.

ಬುಧವಾರ ಬೆಳಿಗ್ಗೆ ಅಂಬ್ಲಿಗೊಳ ಜಲಾಶಯದಿಂದ ಫೋನು ಬಂತು. ತೂಬಿನ ಹತ್ತಿರ ಒಂದು ಗಂಡಸಿನ ಹೆಣ ತೇಲಿದೆ.

ಹನುಮಮ್ಮನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಜಲಾಶಯದ ಏರಿ ಕಂಡಾಗ ಅವಳು ಯಶೋಧರಾ ಕಡೆ ತಿರುಗಿ, "ನೀರಾಗೆ ಇದ್ರೆ ಮುಖ ಗುರುತು ಸಿಗ್ತೈತೇನ್ರೀ?" ಎಂದು ಕೇಳಿದಳು.

ಬಟ್ಟೆ ಸರಿಸುವ ಮುಂಚೆ, "ಮೊದ್ಲು ಕಾಲು ತೋರ್ಸಿ" ಎಂದಳು. ಕಾಲನ್ನು ತುಂಬಾ ಹೊತ್ತು ನೋಡಿದಳು. ಕೊನೆಗೆ "ಅಲ್ಲ" ಎಂದಳು. ಆಮೇಲೆ ತಾನೇ ಬಗ್ಗಿ ಆ ಅಪರಿಚಿತನ ಕಾಲಿನ ಮೇಲೆ ಬಟ್ಟೆ ಎಳೆದು ಮುಚ್ಚಿದಳು. ಅದು ಬೇರೆ ಠಾಣೆಯ ಪ್ರಕರಣವೆಂದು ಆಮೇಲೆ ತಿಳಿಯಿತು.

ಸಂಜೆ ಠಾಣೆಯ ಅಂಗಳದಲ್ಲಿ ಯಶೋಧರಾ ಪಂಚನಾಮೆಯನ್ನು ಮತ್ತೆ ಓದಿದರು. ನಾಲ್ಕು ಅಡಿ ಎಂಬಲ್ಲಿ ನಿಂತರು. ರಾಜುವನ್ನು ಕರೆದು ತಮ್ಮ ಕಾರಿನ ಗಾಲಿಗಳ ಅಂತರ ಅಳೆಯಲು ಹೇಳಿದರು. ನಾಲ್ಕು ಅಡಿಯ ಮೇಲೆ ಇನ್ನೂ ಅರ್ಧ ಅಡಿಗಿಂತ ಹೆಚ್ಚು ಬಂತು. ಅಂಗಳದಲ್ಲಿದ್ದ ಬೇರೆ ಕಾರುಗಳದೂ ಅಷ್ಟೇ.

"ಈಗಿನ ಯಾವ ಕಾರೂ ಇಷ್ಟು ಇಕ್ಕಟ್ಟಿಲ್ಲ. ಇದು ಹಳೇ ಕಾರು."

"ರಾಧಮ್ಮ ಹೊಸದು ಅಂತಾಳಲ್ರೀ ಮೇಡಂ" ಎಂದರು ಹುಚ್ಚರಾಯಪ್ಪ.

"ಅವಳು ಕೇಳಿದ್ದು ಎಂಜಿನ್ನು. ಮಣ್ಣಿನ ಮೇಲಿರೋದು ಗಾಲಿ. ಈ ಕಡೆ ಹಳೇ ಕಾರು ಯಾರದಿದೆ?"

ಹುಚ್ಚರಾಯಪ್ಪ ನಕ್ಕರು. "ಸೊರಬದ ಗುತ್ಯಪ್ಪಂದು ಒಂದು ಫಿಯೆಟ್ ಐತಿ. ಅದು ಅಲ್ಲಿ ಸ್ಟಾರ್ಟ್ ಆದ್ರೆ ಇಲ್ಲಿ ನಾಯಿ ಏಳ್ತಾವೆ. ಅದೂ ಅಲ್ದೆ ಅವರು ಸರ್ಕಾರಿ ಜೀಪು ಓಡಿಸಿ ರಿಟೈರಾದೋರು. ಒಂದು ಕೋಳಿಗೂ ತಾಗಿಸಿದೋರಲ್ಲ. ಹೆರಿಗೆ ನೋವು ಬಂತಂದ್ರೆ ಎರಡೂ ತಾಲ್ಲೂಕಿನೋರು ಅವರಿಗೇ ಹೇಳಿ ಕಳಿಸೋದು. ನನ್ನ ಇಬ್ರು ಮಕ್ಳೂ ಅದೇ ಕಾರಾಗೆ ಆಸ್ಪತ್ರೆಗೆ ಹೋಗಿ ಹುಟ್ಟಿದ್ದು." ನಗು ಅಲ್ಲಿಗೆ ನಿಂತಿತು. "ಸೋಮವಾರ ಶಿರಾಳಕೊಪ್ಪದ ಕ್ಯಾಮೆರಾದಾಗೆ ಅದೂ ಹೋಗಿತ್ತು ಮೇಡಂ. ಹೊಸಾ ಕಾರು ಹುಡುಕ್ತಿದ್ದೆ, ಬಿಟ್ಟುಬಿಟ್ಟೆ."

ರಾಧಮ್ಮನಿಗೆ ಫೋನು ಮಾಡಿದರು.

"ಗುತ್ಯಪ್ಪಣ್ಣನ ಕಾರಲ್ಲ ರೀ" ಎಂದಳು ಅವಳು ತಕ್ಷಣವೇ. "ಅದರ ಸದ್ದು ನಂಗೆ ಗೊತ್ತಿಲ್ವಾ?"

"ಕಡೇ ಸಲ ಆ ಸದ್ದು ಕೇಳಿದ್ದು ಯಾವಾಗ?"

ಅವಳ ದನಿ ತಗ್ಗಿತು. "ಗಣಪತಿ ಹಬ್ಬದಿಂದ ಈಚೆ... ಕೇಳೇ ಇಲ್ರೀ."

ಗುರುವಾರ ಹತ್ತು ಗಂಟೆಗೆ ಸೊರಬದ ಯತೀಶನ ಗ್ಯಾರೇಜು. ಸುತ್ತಲಿನ ಹಳೇ ಗಾಡಿಗಳು ರಿಪೇರಿಗೆ ಬರುವುದು ಅಲ್ಲಿಗೇ. ಮೂಲೆಯಲ್ಲಿ ಒಂದು ಟೈರಿನ ಮೇಲೆ ಗೋಣಿಚೀಲ ಹೊದಿಸಿ ಏನೋ ಇಟ್ಟಿತ್ತು. ರಾಜು ಚೀಲ ಎತ್ತಿದ. ಮಸಿ ಹಿಡಿದ ಒಂದು ಎಂಜಿನ್ನು.

"ಯಾವುದರದ್ದು?"

ಯತೀಶ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ. "ಗುತ್ಯಪ್ಪಣ್ಣನ ಫಿಯೆಟ್ಟಿಂದು. ಸೀದು ಹೋಗಿತ್ತು ಮಾರಾಯ್ರೆ, ಪಾರ್ಟ್ ಸಿಗದಿಲ್ಲ. ಈಗಿನ ಕಾರಿಂದೇ ಒಂದು ಎಂಜಿನ್ನು, ಐದು ಗೇರಿನ ಬಾಕ್ಸು ಕೂರಿಸಿದೆ. ಒಂದು ತಿಂಗಳು ಹಿಡೀತು. ನೆಲದ ತಗಡು ಕೊಯ್ದು ಗೇರಿನ ರಾಡು ಕೆಳಗೆ ತಂದೆ. ಮೊದ್ಲು ಅದು ಸ್ಟೇರಿಂಗಿನ ಪಕ್ಕ ಇತ್ತು."

"ಬ್ರೇಕು?"

"ಹಳೇದೇ." ಅವನ ಮುಖ ಇಳಿದುಹೋಯಿತು. "ಬ್ರೇಕು ಬದಲಿಸೋವರೆಗೆ ಮುಟ್ಟಬೇಡಿ ಅಂದಿದ್ದೆ. ಆರ್‌ಟಿಓ ಒಪ್ಪಿಗೆನೂ ಬಂದಿರ್ಲಿಲ್ಲ. ಅವರಿಗೆ ತಡೀಲಿಲ್ಲ. ಶನಿವಾರ ನಾನು ಊಟಕ್ಕೆ ಹೋದಾಗ ತಗೊಂಡು ಹೋಗಿದಾರೆ. ಏನಾಯ್ತು ಮೇಡಂ?"

"ಆಮೇಲೆ ಬಂದಿದ್ರಾ?"

"ಮಂಗಳವಾರ ಬಂದಿದ್ರು, ನಡ್ಕೊಂಡು. ನಂಗೆ ಮೊದ್ಲಿಂದ ಬೆನ್ನುನೋವು ಅದೆ, ಅದಕ್ಕೆ ನೀನು ಯಾವ ಮಾತ್ರೆ ತಗೋತೀಯ ಅಂತ ಕೇಳಿದ್ರು. ಮೂಳೆ ಮುರಿದ್ರೂ ಅದೇ ಆಗುತ್ತಾ ಅಂತ ಇನ್ನೊಂದು ಸಲ ಕೇಳಿದ್ರು."

ಯಶೋಧರಾ ಮತ್ತು ಹುಚ್ಚರಾಯಪ್ಪ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಧರ್ಮಪ್ಪ ಮಂಗಳವಾರದವರೆಗಂತೂ ಬದುಕಿದ್ದ. ಇಂದು ಗುರುವಾರ.

ಗುತ್ಯಪ್ಪನ ಮನೆಯ ಅಂಗಳದಲ್ಲಿ ಕಾರಿಗೆ ಟಾರ್ಪಾಲು ಹೊದಿಸಿತ್ತು. ರಾಜು ಸರಿಸಿ ನೋಡಿದ. ತೊಳೆದು ಒರೆಸಿದ್ದ ಕಾರು, ಮುಂದಿನ ಮಡ್‌ಗಾರ್ಡು ಒಳಕ್ಕೆ ಹೋಗಿತ್ತು. ಜಾಲರಿಯ ಸಂದಿಯಲ್ಲಿ ಕರೀ ಕಂಬಳಿಯ ಎಳೆ ಸಿಕ್ಕಿಕೊಂಡಿತ್ತು. ಗುತ್ಯಪ್ಪ ತಾವೇ ಹೊರಗೆ ಬಂದರು. ಬಿಳಿ ಅಂಗಿ, ಬಾಚಿದ ತಲೆ.

"ಬನ್ನಿ, ಕೂತ್ಕೊಳಿ" ಎಂದರು.

"ಧರ್ಮಪ್ಪ ಎಲ್ಲಿ?"

"ಯಾವ ಧರ್ಮಪ್ಪ?"

"ಇವತ್ತು ಮಾತ್ರೆ ಕೊಟ್ರಾ?"

ಗುತ್ಯಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಒಳಗೆ ಹೆಂಡತಿ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಕೊಟ್ಟೆ" ಎಂದರು. "ನುಂಗ್ಲಿಲ್ಲ."

ಗದ್ದೆಯ ತುದಿಯಲ್ಲಿ ಪಂಪಿನ ಮನೆ. ಹೊರಗಿನಿಂದ ಬೀಗ ಹಾಕಿತ್ತು. ಗುತ್ಯಪ್ಪ ಹಿಡಿದ ಕೀಲಿಕೈ ಎರಡು ಸಲ ಬೀಗದ ಬಾಯಿ ತಪ್ಪಿತು. ರಾಜು ಕಿತ್ತುಕೊಂಡು ತೆಗೆದ.

ಒಳಗೆ ಕತ್ತಲೆ, ಗೊಬ್ಬರದ ಘಾಟು. ಖಾಲಿ ಚೀಲಗಳ ಮೇಲೆ ಧರ್ಮಪ್ಪ ಮಲಗಿದ್ದ. ಬಲಗಾಲು ತೊಡೆಯಿಂದ ಬಾತು ಬೇರೆ ಯಾರದೋ ಕಾಲಿನ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಗಂಜಿಯ ತಟ್ಟೆ, ಅದರ ತುಂಬಾ ಇರುವೆ. ಹುಚ್ಚರಾಯಪ್ಪ ಮೊಣಕಾಲೂರಿ ಅವನ ಬಾಯಿಯ ಹತ್ತಿರ ಕಿವಿಯಿಟ್ಟರು. ಹೊರಗೆ ಯಾರೂ ಅಲುಗಾಡಲಿಲ್ಲ.

"ಐತಿ" ಎಂದರು. "ಉಸಿರೈತಿ."

ಆಂಬುಲೆನ್ಸಿಗೆ ಕಾಯಲಿಲ್ಲ. ಪಂಪಿನ ಮನೆಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಮಲಗಿಸಿ ಜೀಪಿಗೆ ಏರಿಸಿದರು. ಸೊರಬದಲ್ಲಿ ಪ್ರಥಮ ಚಿಕಿತ್ಸೆ, ಅಲ್ಲಿಂದ ಶಿವಮೊಗ್ಗ.

ಸಂಜೆ ಐದಕ್ಕೆ ಗುತ್ಯಪ್ಪನ ಹೇಳಿಕೆ ದಾಖಲಾಯಿತು.

"ಹೊಸ ಎಂಜಿನ್ನು ನೋಡಣ ಅಂತ ಒಳದಾರಿಯಲ್ಲಿ ಹೋಗಿದ್ದೆ. ಕಾಗದ ಆಗಿರ್ಲಿಲ್ಲ ಅಲ್ದಾ. ತಿರುವಿನಲ್ಲಿ ಕುರಿ ಅಡ್ಡ ಬಂದ್ವು. ಧರ್ಮಪ್ಪ ಅವನ್ನ ಪಕ್ಕಕ್ಕೆ ಹೊಡೀತಿದ್ದ. ಗೇರು ಇಳಿಸಣ ಅಂತ ಕೈ ಸ್ಟೇರಿಂಗ್ ಹತ್ರ ಹೋಯ್ತು. ಅಲ್ಲಿ ಏನೂ ಇಲ್ಲ. ಇಷ್ಟು ವರ್ಷ ಅಲ್ಲೇ ಇತ್ತು. ಕೈ ಹುಡುಕ್ತಾ ಇತ್ತು, ಕಾಲು ಎಕ್ಸಲೇಟರ್ ಒತ್ತಿಬಿಡ್ತು. ಹಳೇ ಎಂಜಿನ್ನಾಗಿದ್ರೆ ಕೆಮ್ಮಿ ನಿಂತ್ಬಿಡದು. ಇದು ಹಾರ್ತು."

"ಜೀವಮಾನ ಪೂರ್ತಿ ಜನರನ್ನ ಆಸ್ಪತ್ರೆಗೆ ಮುಟ್ಟಿಸಿದೋರು. ಅವನನ್ನ ಯಾಕೆ ಮುಟ್ಟಿಸ್ಲಿಲ್ಲ?"

"ಅಲ್ಲಿಗೇ ಹೊರಟಿದ್ದೆ ಮೇಡಂ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದಿಸಿ ಮಲಗಿಸಿದ್ದೆ. ಶಿರಾಳಕೊಪ್ಪದ ಸರ್ಕಲ್ಲಿನಲ್ಲಿ ಯಾರೋ ಕೈ ಎತ್ತಿ, ಯಾವೂರ ಬಸುರಿ ಗುತ್ಯಪ್ಪಣ್ಣ ಅಂದ್ರು. ನಾನೂ ಕೈ ಎತ್ತಿದೆ. ಆಮೇಲೆ ಆಸ್ಪತ್ರೆ ಕಡೆ ತಿರುಗಿಸಕ್ಕೆ ಆಗ್ಲಿಲ್ಲ."

"ಧರ್ಮಪ್ಪ ಏನಂದ?"

"ಯಾರಿಗೂ ಹೇಳಲ್ಲ ಅಂದ. ಒಡ್ಡಿನ ಮ್ಯಾಲಿಂದ ಬಿದ್ದೆ ಅಂತೀನಿ, ಆಸ್ಪತ್ರೆಗೆ ಒಯ್ಯಿ ಅಂದ. ಮೊದಲ ದಿನವೇ ಕುರಿ ಮೇಲೆ ಆಣೆ ಇಟ್ಟ."

"ಮತ್ತೆ?"

"ಸುಳ್ಳು ಹೇಳಿ ಅಭ್ಯಾಸ ಇಲ್ದ ಮನುಷ್ಯ ಅವ. ನಿಮ್ಮಂಥೋರು ಎದುರಿಗೆ ನಿಂತು ಕೇಳಿದ್ರೆ ಹೇಳಿಬಿಡ್ತಾನೆ ಅನ್ನಿಸ್ತು. ಇನ್ನೊಂದು ಸಲ ಗಟ್ಟಿ ಮಾಡ್ಕೊಂಡು ನಾಳೆ ಒಯ್ಯಣ ಅಂತ ಬೀಗ ಹಾಕ್ತಿದ್ದೆ. ದಿನಾ ಹಂಗೇ ಆಯ್ತು."

ಅಜಾಗರೂಕ ಚಾಲನೆ, ಅಕ್ರಮ ಬಂಧನದ ಕಲಮುಗಳು ಎಫ್‌ಐಆರ್‌ಗೆ ಸೇರಿದವು. ಕಾರನ್ನು ಜಪ್ತಿ ಮಾಡಿದರು. ಗುತ್ಯಪ್ಪನನ್ನು ಬಂಧಿಸಿ ಮರುದಿನ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು. ಜೀಪು ಹತ್ತುವಾಗ ರಸ್ತೆಯಲ್ಲಿ ನಿಂತಿದ್ದವರು ಯಾರೂ ಬೈಯಲಿಲ್ಲ. ಬೇರೆ ಕಡೆ ನೋಡಿದರು. ಗುತ್ಯಪ್ಪ ಅದನ್ನು ನೋಡಿ ತಲೆ ತಗ್ಗಿಸಿದರು. ಜೈಲಿಗಿಂತ ಅವರು ಅಂಜಿದ್ದು ಅದಕ್ಕೇ ಇರಬೇಕು.

ಧರ್ಮಪ್ಪನ ಹೇಳಿಕೆ ಪಡೆಯಲು ಡಾಕ್ಟರು ಒಪ್ಪಿದ್ದು ಮುಂದಿನ ಸೋಮವಾರ. ಕಾಲು ಉಳಿದಿತ್ತು, ಮೊದಲಿನಂತೆ ನಡೆಯುವ ಭರವಸೆ ಇರಲಿಲ್ಲ. ಹನುಮಮ್ಮ ತಲೆದೆಸೆಯಲ್ಲಿ ನಿಂತಿದ್ದಳು. ರಾಜು ಕಾಗದ ಹಿಡಿದು ಕೂತ.

"ಏನಾಯ್ತು ಧರ್ಮಪ್ಪ?" ಎಂದರು ಯಶೋಧರಾ.

ಧರ್ಮಪ್ಪ ಗೋಡೆ ನೋಡಿದ. "ಒಡ್ಡಿನ ಮ್ಯಾಲಿಂದ ಬಿದ್ದೆ ರೀ."

"ಕಾರು ಬಡೀಲಿಲ್ವಾ?"

"ಕಾರು ಕಂಡಿಲ್ರೀ."

"ಪಂಪಿನ ಮನೆಗೆ ಹೆಂಗೆ ಹೋದೆ?"

"ತಿಳೀದು ರೀ. ಜ್ವರ ಇತ್ತು."

ಹನುಮಮ್ಮ ಬಗ್ಗಿ ಅವನ ಹಣೆ ಮುಟ್ಟಿದಳು. "ಅಂಜಬ್ಯಾಡ. ಅವನ್ನ ಹಿಡಿದು ಒಳಗೆ ಹಾಕ್ಯಾರೆ. ಅವನೇ ಎಲ್ಲ ಒಪ್ಪ್ಯಾನೆ."

"ಅಂಜಿ ಅಲ್ಲ ಕಣೇ" ಎಂದ ಧರ್ಮಪ್ಪ, ಗೋಡೆಯಿಂದ ಮುಖ ತಿರುಗಿಸದೆ. "ಹೇಳಲ್ಲ ಅಂತ ಅಂದುಬಿಟ್ಟೀನಿ."

ರಾಜು ಪೆನ್ನು ಎತ್ತಿ ಹಿಡಿದು ಇನ್‌ಸ್ಪೆಕ್ಟರ್ ಮುಖ ನೋಡಿದ. ಧರ್ಮಪ್ಪ ಹೇಳಿದ್ದನ್ನೇ ಬರೆಯುವಂತೆ ಅವರು ಸನ್ನೆ ಮಾಡಿದರು.

ಜೀಪು ಶಿಕಾರಿಪುರ ತಲುಪುವವರೆಗೂ ಯಶೋಧರಾ ಒಂದೇ ವಿಷಯ ಯೋಚಿಸುತ್ತಿದ್ದರು. ಪೊಲೀಸರು ಎದುರಿಗೆ ನಿಂತು ಕೇಳಿದರೂ ಧರ್ಮಪ್ಪ ಹೇಳಲಿಲ್ಲವೆಂದು ಸೆರೆಮನೆಯಲ್ಲಿರುವ ಗುತ್ಯಪ್ಪನಿಗೆ ತಿಳಿಸಬೇಕೇ, ಬೇಡವೇ? ತಿಳಿಸಲಿಲ್ಲ.